ಮೆಲಾಕಾದಲ್ಲಿ ಕುಳಿತು ಹಳೆಯ ವೆಲ್ಶ್ ಓದಿದ್ದು

ಮೊದಲ ವರ್ಷದ ಅನುವಾದ ಪತ್ರಿಕೆಯಲ್ಲಿ ನಾನು ಫೇಲಾದೆ. ಮುಚ್ಚಿಡುವುದಕ್ಕೇನೂ ಇಲ್ಲ. ಮಧ್ಯಯುಗದ ವೆಲ್ಶ್ ಗದ್ಯದಿಂದ ಮೂವತ್ತು ಸಾಲು ಕೊಟ್ಟಿದ್ದರು, ಅದನ್ನು ಇಂಗ್ಲಿಷಿಗೆ ತರಬೇಕಿತ್ತು. ನಾನು ನಾಲ್ಕು ಪುಟ ಬರೆದಿದ್ದೆ. ವಾಪಸು ಬಂದ ಉತ್ತರಪತ್ರಿಕೆಯ ಮೇಲೆ ನಮ್ಮ ಟೀಚರ್ ಬರೆದದ್ದು ಇಷ್ಟೇ: ‘ಭಾಷೆ ನಿಮಗೆ ಚೆನ್ನಾಗಿ ಬರುತ್ತದೆ. ಆದರೆ ನೀವು ಬರೆದದ್ದರಲ್ಲಿ ಅರ್ಧದಷ್ಟು ಮೂಲದಲ್ಲಿ ಇಲ್ಲ.’

ಆರು ವಾರ ಬಿಟ್ಟು ಇನ್ನೊಂದು ಅವಕಾಶ ಕೊಟ್ಟಿದ್ದರು. ಈ ಸಲ ಬರೆಯುವಂತಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಇಬ್ಬರು ಪರೀಕ್ಷಕರ ಎದುರು ಕೂತು, ಹಿಂದೆಂದೂ ನೋಡಿರದ ಒಂದು ಭಾಗವನ್ನು ಓದಿ ಅಲ್ಲೇ ಬಾಯಿಬಿಟ್ಟು ಅನುವಾದಿಸಬೇಕು. ಅದರಲ್ಲೂ ಹೋದರೆ ಎರಡನೇ ವರ್ಷಕ್ಕೆ ಪ್ರವೇಶವಿಲ್ಲ. ನನಗೆ ಆಗ ಐವತ್ತೆರಡು. ಮೈಸೂರಿನಲ್ಲಿ ಕನ್ನಡ ಎಂ.ಎ. ಕೊನೆಯ ವರ್ಷದಲ್ಲಿದ್ದಾಗ ಮದುವೆಯಾಗಿ, ಪರೀಕ್ಷೆಗೆ ಕೂರದೆ ಗಂಟುಮೂಟೆ ಕಟ್ಟಿದವಳು ನಾನು. ಒಂದು ಓದು ಅರ್ಧಕ್ಕೆ ನಿಂತ ಸಂಕಟವನ್ನೇ ಇಷ್ಟು ವರ್ಷ ನುಂಗಿಕೊಂಡು ಬಂದಿದ್ದೆ. ಎರಡನೆಯದೂ ಹಾಗೇ ನಿಂತರೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದು ಹೇಗೆ ಎನ್ನುವುದೇ ನನ್ನ ಚಿಂತೆಯಾಗಿತ್ತು.

ಕನ್ನಡದ ಹೆಂಗಸು ಮಲೇಷ್ಯಾದಲ್ಲಿ ಕೂತು ವೆಲ್ಶ್ ಯಾಕೆ ಓದಬೇಕು ಎಂದು ಕೇಳದವರಿಲ್ಲ. ಕಾರಣ ಒಂದು ರಟ್ಟಿನ ಪೆಟ್ಟಿಗೆ. ನನ್ನ ಗಂಡ ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಮೇಷ್ಟ್ರು. ಅಲ್ಲೇ ಅಂಗರಚನೆ ಹೇಳಿಕೊಡುತ್ತಿದ್ದ ವೇಲ್ಸಿನ ಮುದುಕರೊಬ್ಬರು ನಿವೃತ್ತರಾಗಿ ಊರಿಗೆ ಹೋಗುವಾಗ ಪುಸ್ತಕಗಳನ್ನು ಬಿಟ್ಟುಹೋಗಿದ್ದರು. ರದ್ದಿಗೆ ಹೋಗಬೇಕಾಗಿದ್ದ ಪೆಟ್ಟಿಗೆಯನ್ನು ಇವರು ಹೊತ್ತುಕೊಂಡು ಬಂದು, "ತಗೋ, ನಿಂಗೆ ಪುಸ್ತಕ ಅಂದ್ರೆ ಪ್ರಾಣ ಅಲ್ವಾ" ಎಂದು ಅಡುಗೆಮನೆಯ ಬಾಗಿಲಲ್ಲಿ ಇಳಿಸಿದರು.

ಅದರೊಳಗೆ ಹಳೆಯ ವೆಲ್ಶ್ ಕಥೆಗಳ ಒಂದು ಪಠ್ಯಪುಸ್ತಕ ಇತ್ತು. ಒಂದಕ್ಷರವೂ ಅರ್ಥವಾಗಲಿಲ್ಲ, ಆದರೆ ಪುಟದ ರೂಪ ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಮೇಲೆ ಮೂಲಪಾಠ, ಕೆಳಗೆ ಸಣ್ಣ ಅಕ್ಷರದಲ್ಲಿ ಪಾಠಾಂತರ, ಹಿಂದುಗಡೆ ಟಿಪ್ಪಣಿ, ಕೊನೆಗೆ ಅರ್ಥಕೋಶ. ಅಂಚಿನಲ್ಲಿ ಯಾವುದೋ ವಿದ್ಯಾರ್ಥಿ ಸೀಸದಕಡ್ಡಿಯಲ್ಲಿ ಬರೆದುಕೊಂಡ ಅರ್ಥಗಳು. ನನ್ನ ಹಳಗನ್ನಡದ ಪುಸ್ತಕಗಳೂ ಥೇಟು ಹೀಗೇ ಇದ್ದವು. ಮದುವೆಯಾಗಿ ಬರುವಾಗ ಅವನ್ನು ಅಟ್ಟದ ಮೇಲೆ ಹಾಕಿ ಬಂದಿದ್ದೆ.

ಒಂದು ತಿಂಗಳು ಆ ಪುಸ್ತಕದ ಜೊತೆ ಗುದ್ದಾಡಿ, ಕೊನೆಗೆ ವೇಲ್ಸಿನ ಒಂದು ವಿಶ್ವವಿದ್ಯಾಲಯ ದೂರದವರಿಗಾಗಿ ನಡೆಸುವ ಮೂರು ವರ್ಷದ ತರಗತಿಗೆ ಅರ್ಜಿ ಹಾಕಿದೆ. ಇಲ್ಲಿಂದ ಎರಡು ಗಂಟೆ ದೂರದ ಪುಚೊಂಗಿನಲ್ಲಿ ಕೆಲಸಕ್ಕಿರುವ ಮಗಳಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. ಅವಳಿಗೆ ನಾನು ಕನ್ನಡದಲ್ಲಿ ಹೇಳುವುದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿಯವರು ಕೊನೆಗೆ ‘ಲಾ’ ಸೇರಿಸುವ ಇಂಗ್ಲಿಷಿನಲ್ಲೇ.

"ಅಮ್ಮಾ, ಯು ಡೋಂಟ್ ಈವನ್ ಸ್ಪೀಕ್ ಪ್ರಾಪರ್ ಮಲಯ್ ಲಾ," ಅಂದಳು.

"ಮಲಯ್ ತರಕಾರಿ ತರೋಕೆ ಸಾಕಾಗೋಷ್ಟು ಬರತ್ತೆ. ಇದು ತರಕಾರಿಗಲ್ಲ, ನನಗೆ," ಅಂದೆ.

ಮಂಗಳವಾರ ಅವರಿಗೆ ಬೆಳಿಗ್ಗೆ ಹತ್ತು ಗಂಟೆ ಅಂದರೆ ನಮಗೆ ಸಂಜೆ ಐದು. ಚಳಿಗಾಲದಲ್ಲಿ ಅವರು ಗಡಿಯಾರ ತಿರುಗಿಸಿಕೊಂಡರೆ ನಮಗೆ ಆರು. ಹೊರಗೆ ಧೋ ಎಂದು ಮಳೆ ಸುರಿಯುತ್ತಿರುತ್ತದೆ, ಪರದೆಯಲ್ಲಿ ಟೀಚರ್ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ, ಇಲ್ಲಿ ನನ್ನ ತಲೆಯ ಮೇಲೆ ಫ್ಯಾನು. ಅವರಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ. ಮೊದಲ ತಿಂಗಳಲ್ಲೇ ಅವರು ಒಂದು ಪಾಠ ಮಾಡಿದರು. ಆ ಭಾಷೆಯಲ್ಲಿ ಹಿಂದಿನ ಪದಕ್ಕೆ ತಕ್ಕಂತೆ ಮುಂದಿನ ಪದದ ಮೊದಲ ಅಕ್ಷರ ಮೆತ್ತಗಾಗುತ್ತದೆ, ಕಕಾರ ಗಕಾರವಾಗುತ್ತದೆ, ತಕಾರ ದಕಾರ, ಪಕಾರ ಬಕಾರ. ಉಳಿದ ವಿದ್ಯಾರ್ಥಿಗಳು ತಲೆ ಚಚ್ಚಿಕೊಂಡರು. ನಾನು ಮಾತ್ರ ಕಿಸಕ್ಕನೆ ನಕ್ಕುಬಿಟ್ಟೆ. ಮಳೆ, ಕಾಲ ಸೇರಿ ಮಳೆಗಾಲ ಆಗುವುದನ್ನು ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದವಳಿಗೆ ಇದೇನು ಮಹಾ. ಅವತ್ತು ನನಗೆ ಕೊಂಬು ಮೂಡಿತು. ಇದು ನನ್ನದೇ ಮನೆ ಎಂದುಕೊಂಡೆ.

ಆ ಕೊಂಬೇ ಮುಂದೆ ನನ್ನನ್ನು ಫೇಲು ಮಾಡಿದ್ದು.

ನನ್ನ ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಶನಿವಾರ ಸಂಜೆ ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಗಮಕ ಇರುತ್ತಿತ್ತು. ಅಪ್ಪನ ಸ್ನೇಹಿತರೊಬ್ಬರು ಷಟ್ಪದಿಯನ್ನು ರಾಗವಾಗಿ ವಾಚನ ಮಾಡುವರು, ಪಕ್ಕದ ಚಾಪೆಯಲ್ಲಿ ಕೂತ ಅಪ್ಪ ಅದಕ್ಕೆ ವ್ಯಾಖ್ಯಾನ ಹೇಳುವರು. ಕಾವ್ಯದಲ್ಲಿ ‘ಅವಳು ತಲೆ ತಗ್ಗಿಸಿದಳು’ ಎಂದು ಮೂರೇ ಪದವಿದ್ದರೆ ಅಪ್ಪ ಅದಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಅವಳು ಯಾಕೆ ತಗ್ಗಿಸಿದಳು, ತಗ್ಗಿಸಿದಾಗ ಏನು ನೆನಪಾಯಿತು, ಎದುರಿಗಿದ್ದವನು ಅದನ್ನು ಹೇಗೆ ತಿಳಿದುಕೊಂಡ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಕವಿ ಬಿಟ್ಟದ್ದನ್ನು ತುಂಬಿಕೊಡದಿದ್ದರೆ ಕೇಳಲು ಬಂದವರಿಗೆ ಅವಮಾನ ಮಾಡಿದ ಹಾಗೆ ಎಂದು ಅಪ್ಪ ಹೇಳುತ್ತಿದ್ದರು. ನಾನು ಓದುವುದನ್ನು ಕಲಿತದ್ದು ಆ ಚಾಪೆಯ ಅಂಚಿನಲ್ಲಿ ಕೂತು. ಹಳೆಯ ಸಾಹಿತ್ಯ ಅಂದರೆ ಹೀಗೇ ಓದಬೇಕು ಎನ್ನುವುದು ನನಗೆ ರಕ್ತದಲ್ಲೇ ಇಳಿದುಹೋಗಿತ್ತು. ವೆಲ್ಶ್ ಪತ್ರಿಕೆಯಲ್ಲೂ ನಾನು ಮಾಡಿದ್ದು ಅದನ್ನೇ, ಅದೂ ಶ್ರದ್ಧೆಯಿಂದ.

ನನಗೆ ಕೋಪ ಮೂಗಿನ ತುದಿಯಲ್ಲೇ. ಟೀಚರಿಗೆ ಉದ್ದುದ್ದ ಒಂದು ಮೇಲ್ ಹಾಕಿದೆ. ನಿಮ್ಮ ಕಥೆಗಳಿಗೆ ಮರ್ಯಾದೆ ಕೊಟ್ಟು ಓದಿದ್ದಕ್ಕೆ ಈ ಶಿಕ್ಷೆಯೇ, ನಮ್ಮಲ್ಲಿ ಓದುವ ಕ್ರಮವೇ ಬೇರೆ, ಇತ್ಯಾದಿ. ಆ ಹುಡುಗಿ, ಹುಡುಗಿ ಎಂದೇ ಅನ್ನುತ್ತೇನೆ, ಸಿಟ್ಟು ಮಾಡಿಕೊಳ್ಳಲಿಲ್ಲ. ಮರುದಿನವೇ ವಿಡಿಯೊ ಕರೆ ಮಾಡಿ ನನ್ನ ಉತ್ತರವನ್ನೂ ಮೂಲವನ್ನೂ ಅಕ್ಕಪಕ್ಕ ಇಟ್ಟರು. ಮೂಲದಲ್ಲಿ ಇದ್ದದ್ದು: ಅವನು ಬಾಗಿಲು ತೆರೆದ, ತಾಯಿ ಅಲ್ಲಿದ್ದಳು, ಅವನು ಹೊರಟ. ನಾನು ಅದಕ್ಕೆ ಮುಕ್ಕಾಲು ಪುಟ ಬರೆದಿದ್ದೆ.

"ಇಲ್ಲಿ ತಾಯಿ ಅಳುತ್ತಾಳೆ ಎಂದು ಬರೆದಿದ್ದೀರಿ. ಮೂಲದಲ್ಲಿ ಕಣ್ಣೀರು ಎಲ್ಲಿದೆ ತೋರಿಸಿ," ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮಗ ಯುದ್ಧಕ್ಕೆ ಹೊರಟಿದ್ದಾನೆ, ತಾಯಿ ಬಾಗಿಲಲ್ಲಿ ನಿಂತಿದ್ದಾಳೆ. ಕಣ್ಣೀರು ಇಲ್ಲದೆ ಇರುತ್ತದೆಯೇ?"

"ಇರಬಹುದು, ಇಲ್ಲದೆಯೂ ಇರಬಹುದು. ಬರೆದವನು ಅದನ್ನು ಓದುವವನಿಗೆ ಬಿಟ್ಟಿದ್ದಾನೆ. ನೀವು ಓದುವವನಿಗೆ ಏನನ್ನೂ ಬಿಟ್ಟಿಲ್ಲ."

ಕರೆ ಮುಗಿದ ಮೇಲೆ ಮೈಯೆಲ್ಲ ಉರಿಯಿತು. ಆ ಮಾತು ನಿಜ ಅನ್ನಿಸಿದ್ದೇ ಉರಿಗೆ ಕಾರಣ. ಆದರೆ ನಿಜ ಅನ್ನಿಸಿದ ಮಾತ್ರಕ್ಕೆ ಕೈ ಕೇಳಬೇಕಲ್ಲ. ಹಳೆಯ ಪಾಠಗಳನ್ನು ತೆಗೆದುಕೊಂಡು ಅಭ್ಯಾಸಕ್ಕೆ ಕೂತರೆ ಮೂರನೇ ಸಾಲಿಗೇ ‘ದುಃಖದಿಂದ’, ‘ನಾಚಿ’, ‘ಮನಸ್ಸಿನಲ್ಲೇ’ ಎಂಬ ಪದಗಳು ತಾವೇ ತಾವಾಗಿ ನುಗ್ಗುತ್ತಿದ್ದವು. ಎರಡು ವಾರ ಹೀಗೇ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಪುಸ್ತಕವನ್ನು ಸೋಫಾದ ಮೇಲೆ ಬಿಸಾಕಿ, "ನನ್ನ ಕೈಲಿ ಆಗಲ್ಲ ಕಣ್ರೀ," ಎಂದು ಅತ್ತೇಬಿಟ್ಟೆ.

ಗಂಡ ಪೇಪರು ಮಡಚಿಟ್ಟು, "ಏಳು, ಮಾಮಕ್‌ಗೆ ಹೋಗೋಣ," ಅಂದರು. ನಮ್ಮ ಬೀದಿಯ ಕೊನೆಗೆ ತಮಿಳು ಮುಸ್ಲಿಮರ ಒಂದು ರೊಟ್ಟಿ ಅಂಗಡಿ ಇದೆ. ಭಾನುವಾರದ ತಿಂಡಿ ಅಲ್ಲೇ.

ರೊಟ್ಟಿ ಹೇಳಿ ಕೂತ ಮೇಲೆ ಅವರು ತಮ್ಮ ವಿದ್ಯಾರ್ಥಿಗಳ ಕಥೆ ತೆಗೆದರು. "ನಮ್ಮ ಹುಡುಗರೂ ನಿನ್ ಥರಾನೇ. ರೋಗಿ ‘ಎದೆ ಬಿಗಿ ಹಿಡಿದಂಗಾಯ್ತು’ ಅಂತಾನೆ. ಇವರು ಕೇಸ್ ಶೀಟಲ್ಲಿ ‘ರೋಗಿ ಗಾಬರಿಯಾಗಿದ್ದ’ ಅಂತ ಬರೀತಾರೆ. ಗಾಬರಿ ಅಂತ ಅವನು ಹೇಳಿದ್ನಾ? ಇಲ್ಲ. ರೋಗಿ ಹೇಳಿದ್ದು ರೋಗಿ ಮಾತಲ್ಲೇ ಇರ್ಬೇಕು. ನಮ್ಮ ಊಹೆ ಏನಿದ್ರೂ ಕೆಳಗೆ, ಬೇರೆ ಸಾಲಲ್ಲಿ."

"ಇದು ಸಾಹಿತ್ಯ. ನಿಮ್ಮ ಆಸ್ಪತ್ರೆ ಅಲ್ಲ."

"ಆಯ್ತು ಮಾರಾಯ್ತಿ. ಅಲ್ಲಿ ಕೂತಿದಾಳಲ್ಲ, ಆ ಹೆಂಗಸು. ಏನ್ ಕಾಣತ್ತೋ ಅಷ್ಟು ಮಾತ್ರ ಹೇಳು."

ಎದುರು ಮೇಜಿನಲ್ಲಿ ನನ್ನ ವಯಸ್ಸಿನವರೊಬ್ಬರು ಒಬ್ಬರೇ ಕೂತಿದ್ದರು. ನಾನು ಶುರು ಮಾಡಿದೆ. "ರೊಟ್ಟಿ ಬಂದು ಆಗಲೇ ಹತ್ತು ನಿಮಿಷ ಆಯ್ತು. ಮುಟ್ಟಿಲ್ಲ. ಫೋನ್ ತಲೆಕೆಳಗಾಗಿ ಇಟ್ಟಿದಾರೆ. ಪಾಪ, ಬೇಜಾರಲ್ಲಿ..."

ಗಂಡ ಚಮಚದಿಂದ ಮೇಜಿಗೆ ಟಕ್ ಎಂದು ಕುಟ್ಟಿದರು. "ಬೇಜಾರು ಎಲ್ಲಿ ಕಾಣಿಸ್ತು?"

"ಮುಖ ನೋಡ್ರೀ. ಗಂಡನ ಜೊತೆ ಜಗಳ ಆಡ್ಕೊಂಡು..."

ಟಕ್. "ಗಂಡ ಎಲ್ಲಿಂದ ಬಂದ?"

ಅಷ್ಟರಲ್ಲಿ ಅಂಗಡಿಯವನು ಓಡಿಬಂದು ಆ ಹೆಂಗಸಿನ ಮುಂದೆ ದಾಲ್ ಬಟ್ಟಲು ಇಟ್ಟು, ಮರೆತುಹೋಗಿತ್ತು ಎಂದು ತಮಿಳಿನಲ್ಲಿ ಕ್ಷಮೆ ಕೇಳಿದ. ಅವರು ಸಂತೋಷವಾಗಿ ರೊಟ್ಟಿ ಮುರಿದು ಅದ್ದಿಕೊಂಡು ತಿಂದರು. ಒಂದು ಸಂಸಾರವನ್ನೇ ಒಡೆದುಹಾಕಿದ್ದೆ ನಾನು, ದಾಲ್ ಬರಲಿಲ್ಲ ಎಂಬ ಕಾರಣಕ್ಕೆ. ನನ್ನ ಗಂಡ ಚಹಾ ನೆತ್ತಿಗೆ ಹತ್ತುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮಿಕ್ಕ ನಾಲ್ಕು ವಾರ ಅದೇ ನಮ್ಮ ಪಾಠವಾಯಿತು. ಅವರು ಕಾಲೇಜಿನಿಂದ ಬಂದು ಶೂ ಬಿಚ್ಚುವುದರೊಳಗೆ ನಾನು ಒಂದು ಪುಟ ವೆಲ್ಶ್ ಹಿಡಿದು ತಯಾರಾಗಿರುತ್ತಿದ್ದೆ. ಅವರಿಗೆ ಆ ಭಾಷೆಯ ಗಂಧಗಾಳಿ ಇಲ್ಲ, ಆದರೂ ನಾನು ಎಲ್ಲಿ ಸೇರಿಸುತ್ತೇನೆ ಎನ್ನುವುದು ಧ್ವನಿಯಲ್ಲೇ ಗೊತ್ತಾಗುತ್ತಿತ್ತಂತೆ. ಟಕ್ ಎನ್ನುವರು. ಇಲ್ಲದ್ದನ್ನು ಬಿಟ್ಟು ಓದಲು ಕಲಿತ ಮೇಲೆ ಆ ಕಥೆಗಳು ನನಗೆ ಬೇರೆಯೇ ಆಗಿ ಕಾಣತೊಡಗಿದವು. ಬಾಗಿಲಲ್ಲಿ ನಿಂತ ತಾಯಿ ನಾನು ಕಣ್ಣೀರು ಹಾಕಿಸಿದಾಗಿನದಕ್ಕಿಂತ ಈಗ ಹೆಚ್ಚು ಕಾಡಿದಳು. ಇದನ್ನು ಒಪ್ಪಿಕೊಳ್ಳುವುದು ಅಪ್ಪನಿಗೆ ಎದುರಾಡಿದ ಹಾಗೆ ಅನ್ನಿಸಿ ಒಂದೆರಡು ದಿನ ಮನಸ್ಸು ಕಹಿಯಾಗಿತ್ತು.

ಪರೀಕ್ಷೆಯ ದಿನ ಪರದೆಯಲ್ಲಿ ನಮ್ಮ ಟೀಚರ್ ಮತ್ತು ಹಿರಿಯ ಪರೀಕ್ಷಕರೊಬ್ಬರು ಇದ್ದರು. ಗಂಡ ಒಳಗಿನ ಕೋಣೆಯಲ್ಲಿ ಇರುತ್ತೇನೆ ಎಂದು ಹೋದವರು ಬಾಗಿಲು ಮುಚ್ಚಲಿಲ್ಲ. ಹನ್ನೆರಡು ಸಾಲಿನ ಒಂದು ಭಾಗ ಎದುರಿಗೆ ಬಂತು. ಹತ್ತು ನಿಮಿಷ ನೋಡಿಕೊಳ್ಳಲು ಬಿಟ್ಟರು. ಓದಿ, ಒಂದೊಂದೇ ಸಾಲು ಅನುವಾದಿಸಿದೆ.

ಒಬ್ಬ ಸವಾರ ಒಬ್ಬ ಹುಡುಗಿಯನ್ನು ಅವಳ ತಂದೆಯ ಮನೆಯಿಂದ ಕರೆದುಕೊಂಡು ಹೊರಟಿದ್ದಾನೆ. ಹೊಳೆಯ ಹತ್ತಿರ ಕುದುರೆ ನಿಲ್ಲಿಸಿ, ನಿನ್ನ ಇಷ್ಟದಿಂದ ಬರುತ್ತಿದ್ದೀಯಾ ಎಂದು ಕೇಳುತ್ತಾನೆ. ಅವಳು ಉತ್ತರ ಕೊಡಲಿಲ್ಲ. ಎರಡನೆಯ ಸಲ ಕೇಳುತ್ತಾನೆ. ಅವಳು ಉತ್ತರ ಕೊಡಲಿಲ್ಲ. ಅವರು ಹೊಳೆ ದಾಟಿದರು. ಆಸ್ಥಾನಕ್ಕೆ ಬಂದರು. ಔತಣ ನಡೆಯಿತು.

‘ನಾಚಿ’ ಎಂಬ ಪದ ನಾಲಿಗೆಯ ಮೇಲೆ ಬಂದು ಕೂತಿತ್ತು. ನುಂಗಿದೆ. ‘ಅವಳು ಉತ್ತರ ಕೊಡಲಿಲ್ಲ’ ಎಂದಷ್ಟೇ ಎರಡು ಸಲ ಹೇಳಿ ಮುಂದಕ್ಕೆ ಹೋದೆ. ಹಿರಿಯರು ವ್ಯಾಕರಣದ ನಾಲ್ಕು ಪ್ರಶ್ನೆ ಕೇಳಿದರು, ಹೇಳಿದೆ. ಆಮೇಲೆ ಟೀಚರ್ ಕೇಳಿದರು, "ಈಗ ಅನುವಾದ ಪಕ್ಕಕ್ಕಿಡಿ. ಇದು ಚರ್ಚೆ. ಅವಳು ಯಾಕೆ ಉತ್ತರ ಕೊಡಲಿಲ್ಲ ಅನ್ನಿಸುತ್ತದೆ?"

ಅಪ್ಪನ ಮಗಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇಲ್ಲ. ಬಾಯಿ ತೆರೆದೆ. ವ್ಯಾಖ್ಯಾನದ ಒಂದು ಮಾತೂ ಬರಲಿಲ್ಲ. ಬಂದದ್ದು ಮೈಸೂರಿನ ನಮ್ಮ ಮನೆಯ ಹಾಲ್.

"ಪಠ್ಯ ಹೇಳುವುದಿಲ್ಲ, ಆದ್ದರಿಂದ ನನಗೆ ಗೊತ್ತಿಲ್ಲ," ಎಂದೆ. "ನನಗೆ ಗೊತ್ತಿರುವ ಒಬ್ಬ ಹುಡುಗಿಯ ವಿಷಯ ಹೇಳಬಲ್ಲೆ. ಅದನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ."

ಹೇಳಿದೆ. ಹೆಣ್ಣು ನೋಡಲು ಬಂದಿದ್ದರು. ಹುಡುಗನ ತಾಯಿ, ಒಳ್ಳೆಯವರೇ, ನನ್ನ ಕಡೆ ತಿರುಗಿ ‘ನಿನಗೆ ಒಪ್ಪಿಗೆ ತಾನೇ ಮಗು’ ಎಂದು ಕೇಳಿದರು. ನನಗೆ ಹುಡುಗನ ಬಗ್ಗೆ ತಕರಾರು ಇರಲಿಲ್ಲ. ಪರೀಕ್ಷೆಗೆ ಮೂರು ತಿಂಗಳು ಉಳಿದಿತ್ತು, ಅವರು ಮುಂದಿನ ತಿಂಗಳೇ ಮದುವೆ ಅನ್ನುತ್ತಿದ್ದರು, ಅದನ್ನು ಹೇಗೆ ಹೇಳುವುದು ಎಂದು ಮಾತು ಹುಡುಕುತ್ತಿದ್ದೆ. ಮಾತು ಸಿಗುವುದರೊಳಗೆ ಅಪ್ಪ ನಕ್ಕು, ‘ನಮ್ಮ ಹುಡುಗಿಗೆ ನಾಚಿಕೆ. ಒಪ್ಪಿದ್ದಾಳೆ’ ಎಂದರು. ಎಲ್ಲರೂ ನಕ್ಕರು. ಔತಣವೂ ನಡೆಯಿತು. ಅಪ್ಪ ಕೆಟ್ಟವರಲ್ಲ. ನಾನು ಬಿಟ್ಟ ಜಾಗವನ್ನು ಪ್ರೀತಿಯಿಂದಲೇ ತುಂಬಿದರು.

"ಅದಕ್ಕೇ ಈ ಹುಡುಗಿಯ ಪರವಾಗಿ ನಾನು ಏನೂ ಹೇಳುವುದಿಲ್ಲ," ಎಂದು ಮುಗಿಸಿದೆ. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಟೀಚರ್ ಥ್ಯಾಂಕ್ಯೂ ಎಂದರು. ಕರೆ ಮುಗಿಯಿತು.

ಒಳಗಿನ ಕೋಣೆಯಿಂದ ಗಂಡ ಬಂದು ನೀರು ಕೊಟ್ಟರು. ಹೇಗಾಯಿತು ಎಂದು ಕೇಳಲಿಲ್ಲ. ಒಂದು ವಾರ ಎಂದಿನಂತೆ ಕಾಲೇಜಿಗೆ ಹೋದರು, ಬಂದರು, ಊಟ ಮಾಡಿದರು. ನಾನು ದಿನಕ್ಕೆ ಇಪ್ಪತ್ತು ಸಲ ಮೇಲ್ ತೆರೆದು ನೋಡಿದೆ. ಎಂಟನೆಯ ದಿನ ಸಂಜೆ ಸೊಪ್ಪು ಸೋಸುತ್ತಿರುವಾಗ ಬಂತು. ಪಾಸಾಗಿದ್ದೆ. ಎರಡನೇ ವರ್ಷಕ್ಕೆ ಹೆಸರು ನೋಂದಾಯಿಸಬೇಕು, ಕಾವ್ಯ ಶುರುವಾಗುತ್ತದೆ ಎಂದು ಟೀಚರ್ ಬರೆದಿದ್ದರು. ಮಗಳಿಗೆ ಫೋನು ಮಾಡಿ ಕೂಗಾಡಿದೆ. "ಶಭಾಷ್ ಅಮ್ಮಾ," ಅಂದಳು, ಕನ್ನಡದಲ್ಲೇ.

ಗಂಡ ಬಂದ ಮೇಲೆ ಹೇಳಿದೆ. ಅವರು ಖುಷಿಪಟ್ಟರು, ಆಮೇಲೆ ನನ್ನ ಎದುರಿಗೆ ಕೂತು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಮಾಡತೊಡಗಿದರು.

"ಹೆಣ್ಣು ನೋಡೋಕೆ ಬಂದಾಗ ನಾನೂ ಅಲ್ಲೇ ಇದ್ದೆ," ಅಂದರು. "ಕೇಸರಿಬಾತ್ ತಿಂತಿದ್ದೆ. ನಿಮ್ಮಪ್ಪ ಹೇಳಿದ್ದನ್ನ ನೀನೇ ಹೇಳಿದೆ ಅನ್ಕೊಂಡ್ಬಿಟ್ಟೆ."

"ಎಲ್ರೂ ಹಾಗೇ ಅನ್ಕೊಂಡ್ರು."

"ಇಪ್ಪತ್ತೆಂಟು ವರ್ಷ ನಂಗೊಂದು ಮಾತು ಹೇಳ್ಲಿಲ್ವಲ್ಲೇ."

"ನೀವು ಕೇಳ್ಲಿಲ್ಲ."

"ಕೇಳಿದ್ರೆ ಏನಂತಿದ್ದೆ?"

"ಹುಡುಗ ಪರವಾಗಿಲ್ಲ, ನನ್ನ ಪರೀಕ್ಷೆ ಮುಗೀಲಿ, ಅಂತಿದ್ದೆ."

"ಪರವಾಗಿಲ್ಲ, ಅಷ್ಟೇನಾ?"

"ಅಷ್ಟೇ. ಸೇರಿಸ್ಬೇಡಿ."

ನಗಲು ಹೋದರು, ಆಗಲಿಲ್ಲ. ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಈಗ ಕೇಳ್ತಿದೀನಿ. ತಪ್ಪಾಯ್ತು, ತಡ ಆಯ್ತು. ನಿಂಗೇನು ಬೇಕು?"

ಅವರು ಕೇಳಿ ಮುಗಿಸುವಷ್ಟರಲ್ಲಿ ನಾನು ಶುರು ಮಾಡಿಬಿಟ್ಟಿದ್ದೆ. "ಎರಡನೇ ವರ್ಷ ಬೇಕು. ಮೂರನೇದೂ ಬೇಕು. ಆಮೇಲೆ ಆ ಎಂ.ಎ. ಇನ್ನೊಂದ್ಸಲ ಮೊದಲಿಂದ ಕಟ್ಟಬೇಕು, ಅದೆಷ್ಟು ವಯಸ್ಸಾದ್ರೂ ಸರಿ. ಮಂಗಳವಾರ ಸಂಜೆ ಐದರಿಂದ ಏಳರವರೆಗೆ ಈ ಮನೇಲಿ ಯಾರೂ ನನ್ ಹತ್ರ ಕಾಫಿ ಕೇಳ್ಬಾರ್ದು."

"ಇನ್ನೂ ಹೇಳು," ಅಂದರು.

ಹೇಳಿದೆ.